ನೂರಹದಿಮೂರನೆಯ ಪುಟ

ಬಾವಿಯಲ್ಲಿ ನೀರು ಬಂತೋ ಇಲ್ಲವೋ ಎಂಬುದು ಇಡೀ ಎಳಂಕಡವು ಊರಿನಲ್ಲಿ ಗೊತ್ತಿಲ್ಲದವನು ಕಣಾರನೊಬ್ಬನೇ. ಶಾಲೆಯ ಮಕ್ಕಳಿಗೆ ಗೊತ್ತು, ದೋಣಿಕಟ್ಟೆಯಲ್ಲಿ ಮೀನು ಮಾರುವ ಹೆಂಗಸರಿಗೆ ಗೊತ್ತು, ಪುಸ್ತಕವೆಂದರೆ ಆಕಳಿಸುವ ಅವನ ಹೆಂಡತಿ ರೋಹಿಣಿಗೂ ಗೊತ್ತು. ಹಾಗಿದ್ದೂ ಇವತ್ತು ‘ಕೆಳಮನೆ ಬಾವಿ’ ಕಾದಂಬರಿಯ ಕೊನೆಯ ಪುಟವನ್ನು ಊರ ಮುಂದೆ ಓದಬೇಕಾದವನು ಅವನೇ. ನಲವತ್ತೊಂದು ವರ್ಷದ ಹಿಂದೆ ಬೀಡಿ ಶೆಡ್ಡಿನಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿ ನೂರಿಪ್ಪತ್ತು ಜನರನ್ನು ಅಳಿಸಿದವನು ಕಣಾರ ಎಂದು ಊರು ನಂಬಿದೆ. ನಂಬಿದ್ದನ್ನು ವಾಚನಾಲಯದವರು ಈಗ ಕರಪತ್ರದಲ್ಲಿ ಅಚ್ಚು ಹಾಕಿಸಿಯೂ ಬಿಟ್ಟಿದ್ದಾರೆ. ಬೆಳಿಗ್ಗೆ ಐದಕ್ಕೇ ಎದ್ದು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸತೊಡಗಿದವನು ಆರೂವರೆಯಾದರೂ ನಿಲ್ಲಿಸಿರಲಿಲ್ಲ. ಮೆಣಸು ಬೆಲ್ಲ ಬಾಯಿಗೆ ಹಾಕಿಕೊಂಡು, ಅದು ಕರಗುವ ಮೊದಲೇ ಮತ್ತೆ ಮುಕ್ಕಳಿಸಿ, ಬೆಲ್ಲವನ್ನೂ ಉಗಿದ. ಮದುವೆ ದಿನ ಕೂಡ ಇಷ್ಟು ಸಡಗರ ಇರಲಿಲ್ಲ ನಿನಗೆ, ಅವತ್ತು ಹಲ್ಲಾದರೂ ತಿಕ್ಕಿದ್ದೆಯೋ ಇಲ್ಲವೋ ಎಂದು ರೋಹಿಣಿ ಒಳಗಿಂದ ಹೇಳಿದಳು. ಅವನಿಗೆ ನಗು ಬಂತು. ನಿಜವಾಗಿ ಖುಷಿಯಾಗಿತ್ತು. ಹೆದರಿಕೆಯೂ ಆಗಿತ್ತು, ಆದರೆ ಖುಷಿಯೇ ಹೆಚ್ಚು, ಮತ್ತು ಆ ಖುಷಿಯ ಬಗ್ಗೆ ನಾಚಿಕೆ.

ಬೀದಿಗಿಳಿದರೆ ಊರು ಗುರುತೇ ಸಿಗದ ಹಾಗೆ ಅಲಂಕಾರವಾಗಿತ್ತು. ಕಂಬದಿಂದ ಕಂಬಕ್ಕೆ ಕೆಂಪು ಬಣ್ಣದ ಕಾಗದದ ತೋರಣ, ಎರಡೂ ಬದಿಗೆ ಬಟ್ಟೆಯ ಮೇಲೆ ಬರೆದ ಕಾದಂಬರಿಯ ಸಾಲುಗಳು. ಈ ಸಾಲುಗಳೇ ಕಣಾರನಿಗೆ ದೊಡ್ಡ ಪೀಡೆ. ಮುಂದಿನ ಪುಟಗಳದ್ದು ಯಾವುದಾದರೂ ಕಣ್ಣಿಗೆ ಬಿದ್ದುಬಿಟ್ಟರೆ? ಒಂದು ವಾರದಿಂದ ಅವನು ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದಾನೆ. ಊರವರಿಗೆ ಅವನು ಕಣಾರೇಟ್ಟ, ಅಂದರೆ ಕಣಾರಣ್ಣ. ಪಾಪ, ಕಣಾರೇಟ್ಟನಿಗೆ ಸತ್ತ ಗೆಳೆಯನ ನೆನಪು ಎಂದು ಜನ ದಾರಿ ಬಿಡುತ್ತಾರೆ. ಪುಸ್ತಕ ಅವನ ಮನೆಯ ಕಪಾಟಿನಲ್ಲೇ ಇದೆ, ಅದನ್ನು ಬರೆದ ಆ ಗೆಳೆಯ ಕೋರ ಸಹಿ ಹಾಕಿ ಕೊಟ್ಟ ಪ್ರತಿ. ಎಷ್ಟೋ ಸಲ ತೆಗೆದಿದ್ದಾನೆ, ನೂರಹನ್ನೆರಡನೆಯ ಪುಟದವರೆಗೆ ಬಂದಿದ್ದಾನೆ, ಮುಚ್ಚಿಟ್ಟಿದ್ದಾನೆ. ಮುಂದಿನದ್ದು ಕೆಟ್ಟದಾಗಿದ್ದರೆ ತಾನು ಮಾಡಿದ್ದು ಸರಿಯಾಗಿತ್ತು ಎಂದಾಗುತ್ತದೆ. ಚೆನ್ನಾಗಿದ್ದರೆ? ಆ ಪ್ರಶ್ನೆಯ ಎದುರು ಕೂರಲು ಧೈರ್ಯವಾಗದೆ ಅರ್ಧ ಆಯುಷ್ಯ ಕಳೆಯಿತು. ಯಾರಾದರೂ ಆ ಬಾವಿಯ ಮಾತೆತ್ತಿದರೆ ಮೂತ್ರಕ್ಕೆ ಅವಸರವಾದವನಂತೆ ಎದ್ದು ಹೋಗುತ್ತಿದ್ದ. ಬರಬರುತ್ತ ರೋಹಿಣಿ ಅವನನ್ನು ಸಕ್ಕರೆ ಕಾಯಿಲೆಗೆ ತೋರಿಸಿಕೊಂಡೂ ಬಂದಳು.

ಚಹಾದಂಗಡಿಯಲ್ಲಿ ಕಾದಂಬರಿಯ ನಾಯಕಿ ಮಾದೈಯ ಹೆಸರಿನಲ್ಲಿ ಬೆಲ್ಲದ ಉಣ್ಣಿಯಪ್ಪ ಮಾರುತ್ತಿದ್ದರು. ಶಾಲೆಯ ಬ್ಯಾಂಡು ದೋಣಿಕಟ್ಟೆಯ ಕಡೆಯಿಂದ ಬಾರಿಸುತ್ತ ಬರುತ್ತಿತ್ತು. ವಾಚನಾಲಯದ ಕಾರ್ಯದರ್ಶಿ ಪ್ರಸೀತ ಟೀಚರ್ ಕೈಯಲ್ಲಿ ಪಟ್ಟಿ ಹಿಡಿದು ಅವನ ಹತ್ತಿರ ಓಡಿಯೇ ಬಂದಳು. ನೂರತೊಂಬತ್ತೆಂಟು ಪುಟ, ನೂರತೊಂಬತ್ತೆಂಟು ಓದುಗರು, ಒಬ್ಬರಿಗೆ ಒಂದೇ ಪುಟ, ಚೀಟಿ ಎತ್ತಿ ಹಂಚಿದ್ದು. ಕೊನೆಯದೊಂದನ್ನು ಮಾತ್ರ ಚೀಟಿಗೆ ಹಾಕಿಲ್ಲ. ಅದು ನಿಮ್ಮದು ಕಣಾರೇಟ್ಟ, ಅವತ್ತು ಓದಿದ ಹಾಗೇ ಓದಬೇಕು, ಟಿವಿಯವರೂ ಬಂದಿದ್ದಾರೆ ಎಂದಳು. ಅವತ್ತು ಓದಿದ ಹಾಗೆ ಎಂಬ ಮಾತಿಗೆ ಅವನು ತಲೆಯಾಡಿಸಿದ. ಹೀಗೆ ತಲೆಯಾಡಿಸಿಯೇ ಈ ಕಥೆ ಹುಟ್ಟಿದ್ದು. ಎಂಟು ವರ್ಷದ ಹಿಂದೆ ಕೋರ ತೀರಿಕೊಂಡಾಗ ಶೋಕಸಭೆಯಲ್ಲಿ ಮೈಕು ಹಿಡಿದು, ಈ ಪುಸ್ತಕ ಓದಿದಾಗ ಶೆಡ್ಡಿನಲ್ಲಿ ಒಂದು ಕೈಯೂ ಆಡಲಿಲ್ಲ ಎಂದಿದ್ದ. ಅದು ಸತ್ಯ. ಯಾವ ಪುಟದಲ್ಲಿ ಎಂದು ಹೇಳಿರಲಿಲ್ಲ, ಅಷ್ಟೆ. ಕೇಳಿದವರು ಅದನ್ನು ಕೊನೆಯ ಪುಟಕ್ಕೆ ಸೇರಿಸಿಕೊಂಡರು, ಮರುವರ್ಷ ಕಣ್ಣೀರನ್ನೂ ಸೇರಿಸಿದರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ ಅವನು ಉಗುಳಲಿಲ್ಲ, ನುಂಗಲಿಲ್ಲ, ಸುಮ್ಮನಿದ್ದ.

ಶೆಡ್ಡು ಹಾಗೆಯೇ ಇತ್ತು. ಬೀಡಿ ಕಂಪನಿ ಮುಚ್ಚಿದ ಮೇಲೆ ತೆಂಗಿನಕಾಯಿಯ ಗೋದಾಮಾಗಿದ್ದುದನ್ನು ಊರವರು ಗುಡಿಸಿ, ಸುಣ್ಣ ಬಳಿದು, ಉದ್ದದ ಮರದ ಹಲಗೆಗಳನ್ನು ಹಿಂದಿನ ಜಾಗದಲ್ಲೇ ಹಾಕಿದ್ದರು. ಹಳೆಯ ಕೆಲಸಗಾರರಲ್ಲಿ ಬದುಕಿರುವ ಹನ್ನೊಂದು ಮಂದಿ ಮೊರಗಳನ್ನು ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ಮೊರದಲ್ಲಿ ಎಲೆ, ತಂಬಾಕು, ನೂಲಿನ ಉಂಡೆ, ಕತ್ತರಿ. ಓದು ನಡೆಯುತ್ತಿರುವಷ್ಟು ಹೊತ್ತೂ ಅವರು ಕಟ್ಟಬೇಕು, ಮೊದಲಿನ ಹಾಗೆ. ವಾಸನೆ ಮೂಗಿಗೆ ಬಡಿದದ್ದೇ ಕಣಾರನಿಗೆ ಮೂವತ್ತೈದರ ಪ್ರಾಯ ಬಂದುಬಿಟ್ಟಿತು. ಅಗೋ ಆ ಎತ್ತರದ ಸ್ಟೂಲು. ಬೆಳಿಗ್ಗೆ ಪತ್ರಿಕೆ, ಹತ್ತರ ಚಹಾ ಆದ ಮೇಲೆ ಕಾದಂಬರಿ. ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಶೆಡ್ಡಿನ ಪದ್ಧತಿ, ಒಬ್ಬೊಬ್ಬರು ಹತ್ತು ಹತ್ತು ಹೆಚ್ಚಿಗೆ ಸುತ್ತಿದರೂ ಅವನ ದಿನದ ಲೆಕ್ಕ ಮುಗಿಯುತ್ತಿತ್ತು. ಆದರೆ ಸ್ಟೂಲಿನ ಎಡಗಡೆಗೆ ಕೂರುತ್ತಿದ್ದ ಕೋರ ಹತ್ತಕ್ಕೆ ನಿಲ್ಲಿಸುತ್ತಿರಲಿಲ್ಲ. ಐವತ್ತು ಅರವತ್ತು ಕಟ್ಟಿ, ಏನೂ ಹೇಳದೆ ಕಣಾರನ ಮೊರಕ್ಕೆ ಸರಿಸುತ್ತಿದ್ದ. ಮಾತು ಕಡಿಮೆಯ ಮನುಷ್ಯ, ಕೇಳುವಾಗ ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ದೂರದೂರದ ದೇಶಗಳ ಕಥೆಗಳು ಕಣಾರನ ಗಂಟಲಿನಿಂದ ಬಂದು ಆ ತೆರೆದ ಬಾಯಿಯೊಳಗೆ ಹೋಗುತ್ತಿದ್ದವು. ಬರೆದವರು ಎಲ್ಲೋ ಸತ್ತವರು, ಹೆಸರು ಕೂಡ ಬಾಯಿಗೆ ತಿರುಗದವರು. ಹಾಗಾಗಿ ಜನ ಅತ್ತರೆ ಕಣಾರನಿಗಾಗಿ ಅತ್ತ ಹಾಗೆ, ನಕ್ಕರೆ ಕಣಾರನಿಗೆ ನಕ್ಕ ಹಾಗೆ. ಸಂಜೆ ಹೆಂಗಸರು ಮನೆಗೆ ಹೋಗುವಾಗ, ಆ ಅಣ್ಣ ತಮ್ಮಂದಿರನ್ನು ನಾಳೆ ಜಗಳವಾಡಿಸಬೇಡಿ ಕಣಾರೇಟ್ಟ, ರಾಜಿ ಮಾಡಿಸಿ ಎನ್ನುತ್ತಿದ್ದರು, ಅವೆಲ್ಲ ಅವನ ಕೈಯಲ್ಲೇ ಇದೆ ಎಂಬಂತೆ. ಅವನಿಗೂ ಹಾಗೇ ಅನ್ನಿಸಿಹೋಗಿತ್ತು.

ಆಮೇಲೆ ಕೋರ ಬರೆದ. ಬರೆಯುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ, ಕಣಾರನಿಗೆ ಸಹ. ವಾಚನಾಲಯದವರು ಅಚ್ಚು ಮಾಡಿಸಿದ ಪುಸ್ತಕ ಶೆಡ್ಡಿಗೆ ಬಂದಾಗ ಕಣಾರನೇ ಮೊದಲು ಕುಣಿದಾಡಿದ. ನಮ್ಮ ಕೋರ, ನಮ್ಮ ಶೆಡ್ಡು ಎಂದು ಮೂರು ದಿನ ಹುಮ್ಮಸ್ಸಿನಿಂದ ಓದಿದ. ಬಡವರ ಕೆಳಮನೆಗೆ ಒಂದು ಬಾವಿ ಬೇಕು, ತೋಡುವವನು ಚಿಂಡ, ಮೇಲೆ ಹಗ್ಗ ಹಿಡಿಯುವವಳು ಅವನ ಹೆಂಡತಿ ಮಾದೈ. ತೋಡುತ್ತಾರೆ, ತೋಡುತ್ತಾರೆ, ನೀರಿಲ್ಲ. ಓದಿನ ನಾಲ್ಕನೆಯ ದಿನ ನೂರಹನ್ನೆರಡನೆಯ ಪುಟ. ಹದಿನಾಲ್ಕು ಕೋಲು ಆಳದಲ್ಲಿ ಚಿಂಡ ಒಂದು ಹಿಡಿ ಮಣ್ಣು ತೆಗೆದು ಕೆನ್ನೆಗೆ ಒತ್ತಿಕೊಂಡು, ‘ತಣ್ಣಗಿದೆ’ ಎಂದು ಕೂಗುತ್ತಾನೆ. ಆಗ ಶೆಡ್ಡಿನಲ್ಲಿ ಆಗಬಾರದ್ದು ಆಯಿತು. ಕೈಗಳು ನಿಂತವು. ಬೀಡಿ ಶೆಡ್ಡಿನಲ್ಲಿ ಕೈ ನಿಲ್ಲುವುದಿಲ್ಲ, ಹೆತ್ತವರು ಸತ್ತ ಸುದ್ದಿ ಬಂದರೂ ಹಿಡಿದ ಎಲೆ ಸುತ್ತಿಟ್ಟೇ ಏಳುವವರು ಅವರು. ನೂರಿಪ್ಪತ್ತು ಜನರ ಕೈ ನಿಂತು, ನೂರಿಪ್ಪತ್ತು ಜನ ತಲೆಯೆತ್ತಿದರು, ಕಣಾರ ಆ ನೋಟವನ್ನು ಎದುರುಗೊಳ್ಳಲು ಮುಖ ಸಜ್ಜು ಮಾಡಿಕೊಂಡ, ಮತ್ತು ಅವರೆಲ್ಲ ಅವನ ಮುಖವನ್ನು ದಾಟಿ ಎಡಗಡೆಗೆ ನೋಡಿದರು. ಅಲ್ಲಿ ಕೋರ ತಲೆ ತಗ್ಗಿಸಿ ಎಲೆ ಕತ್ತರಿಸುತ್ತಿದ್ದ. ಕಣಾರ ಕೆಮ್ಮಿದ. ಗಂಟಲು ಸರಿಯಿಲ್ಲ ಎಂದು ಪುಸ್ತಕ ಮುಚ್ಚಿದ. ಮರುದಿನ ಬಂಗಾಳದ ಯಾವುದೋ ಅನುವಾದ ತೆಗೆದ. ಬಾವಿ ಏನಾಯಿತು ಎಂದು ಒಬ್ಬಿಬ್ಬರು ಕೇಳಿದ್ದಕ್ಕೆ, ತೋಡಿದ್ದೇ ತೋಡಿದ್ದು, ನಮ್ಮ ಸೊಂಟ ಬಿದ್ದುಹೋಯಿತು ಮಾರಾಯರೇ, ಬೇಕಾದವರು ಮನೆಗೊಯ್ದು ಓದಿ ಎಂದ. ಜನ ನಕ್ಕರು. ಕೋರನೂ ನಕ್ಕ. ಆ ಸಂಜೆಯೂ ಅವನು ಅರವತ್ತು ಬೀಡಿ ಕಟ್ಟಿ ಇತ್ತ ಸರಿಸಿದ್ದ. ಮುಂದೆ ಅವನು ಮೂವತ್ಮೂರು ವರ್ಷ ಬದುಕಿದ್ದ, ಒಂದು ಸಾಲೂ ಬರೆಯಲಿಲ್ಲ.

ಓದು ಏಳು ಗಂಟೆಗೆ ಸರಿಯಾಗಿ ಶುರುವಾಯಿತು. ಮೊದಲ ಸಾಲಿನಲ್ಲಿ ಕಣಾರನಿಗೆ ಕುರ್ಚಿ, ಪಕ್ಕದಲ್ಲಿ ಕೋರನ ಹೆಂಡತಿ ಕೌಸು. ಎಂಬತ್ತು ದಾಟಿದ ಸಣ್ಣ ಮುದುಕಿ, ಕರಿ ಅಂಚಿನ ಬಿಳಿ ಮುಂಡು, ಸೆರಗು, ಕಣ್ಣು ಮಾತ್ರ ಇನ್ನೂ ಸೂಜಿ. ಊರವರಿಗೆಲ್ಲ ಕೌಸು ಏಡತ್ತಿ, ಅಂದರೆ ಅತ್ತಿಗೆ. ಓದುವವರು ಒಬ್ಬೊಬ್ಬರದು ಒಂದೊಂದು ಬಗೆ. ಅಂಚೆಯವನು ತಂತಿ ಸುದ್ದಿ ಓದುವಂತೆ ಗಡಗಡ ಓದಿ ಮುಗಿಸಿದ. ಬಸ್ ಕಂಡಕ್ಟರು ಪ್ರತಿ ವಾಕ್ಯಕ್ಕೂ ಒಂದು ಸ್ಟಾಪು ಕೊಟ್ಟ. ದರ್ಜಿಯ ಮಗಳಿಗೆ ಮೊದಲ ಸಾಲಿನಲ್ಲೇ ನಗು ಬಂದು, ಅವಳ ಜೊತೆ ಇಡೀ ಶೆಡ್ಡು ನಕ್ಕು, ಪುಟ ಮತ್ತೆ ಮೊದಲಿಂದ ಶುರುವಾಯಿತು. ಕಣಾರ ಒಳಗೊಳಗೇ ಎಲ್ಲರನ್ನೂ ತಿದ್ದುತ್ತಿದ್ದ. ಅಲ್ಲಿ ನಿಲ್ಲಿಸಬಾರದಿತ್ತು, ಅಲ್ಲಿ ದನಿ ಇಳಿಸಬೇಕಿತ್ತು. ಚಹಾದ ಹೊತ್ತಿಗೆ ಹೊರಗೆ ಮುದುಕ ಪೊಕ್ಕ ಟಿವಿಯವರ ಮುಂದೆ ನಿಂತು ಹೇಳುತ್ತಿದ್ದುದು ಕೇಳಿಸಿತು. ಪೊಕ್ಕ ಆಗ ಮೂರನೆಯ ಹಲಗೆಯಲ್ಲಿ ಕೂರುತ್ತಿದ್ದವನು. ಕಣಾರ ಕೊನೇ ಪುಟ ಓದಿದಾಗ ನನ್ನ ಮೊರದ ತಂಬಾಕು ಕಣ್ಣೀರಲ್ಲಿ ಒದ್ದೆಯಾಗಿ ಮೇಸ್ತ್ರಿ ಬೈದಿದ್ದ ಎನ್ನುತ್ತಿದ್ದ. ಎಷ್ಟು ಚೆಂದದ ಸುಳ್ಳು. ಮೇಸ್ತ್ರಿಯ ಹೆಸರು, ಬೈದ ಬೈಗುಳ, ಎಲ್ಲವೂ ಇತ್ತು. ಕಣಾರನಿಗೆ ಪೊಕ್ಕನ ಮೇಲೆ ಉರಿದುಹೋಯಿತು, ನಾಲ್ಕು ಜನರೆದುರು ಅವನ ಮಾನ ಕಳೆಯಬೇಕೆನಿಸಿತು. ಆಮೇಲೆ, ಪೊಕ್ಕ ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಹಾಗೇ ನೆನಪಿದೆ ಎಂದು ಹೊಳೆಯಿತು. ತಾನು ಬಾಯಿಬಿಡದೆ ಸತ್ತರೆ ಇನ್ನು ಇದೇ ಉಳಿಯುವುದು.

ಹನ್ನೊಂದೂವರೆಗೆ ನೂರಹನ್ನೆರಡು ಬಂತು. ಓದಿದವಳು ಮೀನು ಮಾರುವ ಜಾನು, ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಚಿಂಡ ಮಣ್ಣನ್ನು ಕೆನ್ನೆಗೆ ಒತ್ತಿಕೊಂಡ. ‘ತಣ್ಣಗಿದೆ’ ಎಂದಳು ಜಾನು, ಮೀನಿನ ಮೇಲೆ ಕೈಯಿಟ್ಟು ಗಿರಾಕಿಗೆ ಹೇಳುವ ದನಿಯಲ್ಲಿ. ಪುಸ್ತಕ ಕೈ ಬದಲಾಯಿತು. ಔಷಧದಂಗಡಿಯ ಹುಡುಗಿಯೊಬ್ಬಳು ಸ್ಟೂಲಿನ ಪಕ್ಕ ನಿಂತು, ನೂರಹದಿಮೂರು ಎಂದು ಹೇಳಿ, ಓದತೊಡಗಿದಳು. ನಲವತ್ತೊಂದು ವರ್ಷ ಕಾದ ಆ ಪುಟದಲ್ಲಿ ಕಣಾರನಿಗೆ ಒಂದು ಮಾತೂ ಕೇಳಿಸಲಿಲ್ಲ. ಅವಳ ತುಟಿ ಆಡುವುದು ಕಾಣುತ್ತಿತ್ತು. ಕಿವಿಯೊಳಗೆ ಬರೀ ಗುಂಯ್ ಎನ್ನುವ ಸದ್ದು, ಎಲ್ಲಿಂದಲೋ ಬಂದ ಮೀನಿನ ಸಾರಿನ ವಾಸನೆ. ಹುಡುಗಿ ಪುಟ ಮುಗಿಸಿ ಇಳಿದಳು, ಜನ ಚಪ್ಪಾಳೆ ತಟ್ಟಿದರು, ಅವನೂ ತಟ್ಟಿದ. ನೂರಹದಿನಾಲ್ಕರಿಂದ ಕಿವಿ ತೆರೆಯಿತು. ನೀರು ಬಂದಿರಲಿಲ್ಲ. ಕೆಳಗೆ ಬಂಡೆ ಸಿಕ್ಕಿತ್ತು. ಊಟದ ಬಿಡುವಿನವರೆಗಿನ ಇಪ್ಪತ್ತು ಪುಟಗಳನ್ನು ಕಣಾರ ಹಸಿದವನು ತಾಟಿನ ಮೇಲೆ ಬಾಗುವಂತೆ ಬಾಗಿ ಕೂತು ಕೇಳಿದ. ಊರವರು ಒಬ್ಬೊಬ್ಬರೇ ಕೆಲಸ ಬಿಟ್ಟು ಹೋಗುತ್ತಾರೆ. ಚಿಂಡನಿಗೆ ಜ್ವರ. ಮಾದೈ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗಿಳಿಯುತ್ತಾಳೆ. ಚೆನ್ನಾಗಿತ್ತು. ದೇವರೇ, ಎಷ್ಟು ಚೆನ್ನಾಗಿತ್ತು. ಆ ಬಾಯಿ ತೆರೆದ ಮನುಷ್ಯ, ಅರವತ್ತು ಬೀಡಿ ಸರಿಸುತ್ತಿದ್ದವನು, ಇದನ್ನೆಲ್ಲ ಎಲ್ಲಿಟ್ಟುಕೊಂಡಿದ್ದ? ಈಗ ಓದುವವರು ತಪ್ಪಿದರೂ ಕಣಾರ ತಿದ್ದುತ್ತಿರಲಿಲ್ಲ, ತಪ್ಪಿದ್ದು ಗೊತ್ತಾಗುತ್ತಲೂ ಇರಲಿಲ್ಲ. ತಾನು ಪೂರ್ತಿ ತಪ್ಪು ಎಂದು ಗೊತ್ತಾದವನಿಗೆ ಇಷ್ಟು ಸಂತೋಷವಾಗಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಊಟಕ್ಕೆ ಮರಗೆಣಸು, ಮತ್ತಿ ಮೀನಿನ ಸಾರು. ಕೌಸು ತನ್ನ ಪಕ್ಕದ ಬೆಂಚು ತೋರಿಸಿ ಕೂರು ಎಂದಳು. ಮೀನಿನ ಮುಳ್ಳು ಬಿಡಿಸಿ ಎಲೆಯ ಅಂಚಿಗಿಟ್ಟು, ಅವನ ಕಡೆ ನೋಡದೆಯೇ ಮಾತು ತೆಗೆದಳು.

“ಜಾನು ಓದಿ ಮುಗಿಸಿದಾಗ ನಿನ್ನ ಮುಖ ನೋಡ್ತಾ ಇದ್ದೆ.”

ಕಣಾರ ತುತ್ತು ನುಂಗಿಕೊಂಡ. ಬಿಸಿಲು ಜಾಸ್ತಿ ಏಡತ್ತಿ, ತಲೆ ತಿರುಗಿದ ಹಾಗಾಯಿತು ಎಂದ. ಅವಳು ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ನಮ್ಮನೆಯವರ ಹತ್ತಿರ ಒಂದು ಬಿಳಿ ಶರ್ಟ್ ಇತ್ತು, ಗೊತ್ತಾ? ಮದುವೆ ಮನೆಗೆ ಅಂತ ಹೊಲಿಸಿದ್ದು. ನೀನು ಆ ಪುಸ್ತಕ ಓದೋಕೆ ಶುರು ಮಾಡಿದ ದಿನದಿಂದ ಅದನ್ನೇ ಹಾಕ್ಕೊಂಡು ಶೆಡ್ಡಿಗೆ ಬರ್ತಿದ್ರು. ಸಂಜೆ ನಾನು ಒಗೀಬೇಕು, ಬೆಳಿಗ್ಗೆ ಅದೇ ಬೇಕು. ತಂಬಾಕಿನ ಕಲೆ ಹೋಗಲ್ಲ, ಬೇರೆ ಹಾಕ್ಕೊಳ್ಳಿ ಅಂದ್ರೆ ಕೇಳ್ತಿರಲಿಲ್ಲ. ನೀನು ನಿಲ್ಲಿಸಿದ ಮೇಲೂ ಹಾಕ್ಕೊಂಡ್ರು. ಗಂಟಲು ಸರಿ ಇಲ್ಲ ಅವನಿಗೆ, ನಾಳೆ ತೆಗೀತಾನೆ ಅಂತ. ಹನ್ನೆರಡು ದಿನ. ಹದಿಮೂರನೇ ದಿನ ಹಳೇ ಖಾಕಿ ಹಾಕ್ಕೊಂಡು ಹೋದ್ರು.”

ಶೆಡ್ಡಿನಲ್ಲಿ ಪಕ್ಕದಲ್ಲೇ ಕೂತಿದ್ದ, ಶರ್ಟು ಯಾಕೆ ಕಣ್ಣಿಗೆ ಬೀಳಲಿಲ್ಲ? ಬಿದ್ದಿತ್ತು. ಈಗ ನೆನಪಾಯಿತು. ಏನು ಕೋರ, ಹೆಣ್ಣು ನೋಡೋಕೆ ಹೊರಟೆಯಾ ಎಂದು ತಾನೇ ಗೇಲಿ ಮಾಡಿದ್ದ, ನಿಲ್ಲಿಸಿದ ಮೇಲಿನ ಯಾವುದೋ ಒಂದು ದಿನ. ಅದಕ್ಕೂ ಕೋರ ನಕ್ಕಿದ್ದ. ಕಣಾರನಿಗೆ ಅಲ್ಲೇ ನೆಲ ಬಿರಿದು ಒಳಗಿಳಿಯಬೇಕೆನಿಸಿತು. ಬೈದು ಬಿಡಿ ಏಡತ್ತಿ ಎಂದು ಕೇಳಿಕೊಂಡ. ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಎಂದೂ ಕೇಳಿದ. ಹೇಳಬೇಕಾದವಳು ನಾನಲ್ಲವಲ್ಲ ಎಂದು ಅವಳು ಕೈ ತೊಳೆಯಲು ಎದ್ದಳು.

ಮಧ್ಯಾಹ್ನ ಶೆಡ್ಡು ಕಿಕ್ಕಿರಿಯಿತು. ಕಿಟಕಿಗಳಲ್ಲಿ ಜನ, ಹೊರಗೆ ಸ್ಪೀಕರಿನ ಕೆಳಗೆ ಜನ. ಮಾದೈ ಬಂಡೆ ಒಡೆಯುತ್ತಿದ್ದಳು. ಓದುಗರು ಬೇಗ ಬೇಗ ಬದಲಾಗುತ್ತಿದ್ದರು, ಆದರೆ ದನಿ ಒಂದೇ ಆಗಿಬಿಟ್ಟ ಹಾಗಿತ್ತು ಕಣಾರನಿಗೆ, ಊರೆಲ್ಲ ಸೇರಿ ಒಬ್ಬನೇ ಮನುಷ್ಯ ಓದುತ್ತಿರುವ ಹಾಗೆ. ನೂರ ಅರವತ್ತನಾಲ್ಕನೆಯ ಪುಟ ಚಹಾದಂಗಡಿಯವನದ್ದು. ಅವನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು, ತಾಯಂದಿರು ಮಕ್ಕಳನ್ನು ಎತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡರು. ಬರುತ್ತದೆ, ಈಗ ಏನೋ ಬರುತ್ತದೆ ಎಂದು ಕಣಾರ ಕುರ್ಚಿಯ ಅಂಚಿಗೆ ಜರುಗಿದ. ಮಾದೈ ಸುತ್ತಿಗೆ ಬೀಸುತ್ತಾಳೆ. ಬಂಡೆಯ ಬಿರುಕಿನೊಳಗಿಂದ ಕತ್ತಲಿನಂಥದ್ದೇನೋ ಒಂದು ಹರಿದು ಅವಳ ಹೆಬ್ಬೆರಳು ಮುಟ್ಟುತ್ತದೆ. ಬಗ್ಗಿ ನೆಕ್ಕಿ ನೋಡುತ್ತಾಳೆ. ಸಿಹಿ. ಇಡೀ ಶೆಡ್ಡು ಹೋ ಎಂದು ಕೂಗಿತು. ಎಲ್ಲರಿಗೂ ಬಾಯಿಪಾಠವಾಗಿದ್ದ ಜಾಗ ಅದು, ಕೂಗಲೆಂದೇ ಕಾದಿದ್ದರು. ಕೂಗು ನಿಂತಾಗ ನೋಡಿದರೆ ಮೊದಲ ಸಾಲಿನಲ್ಲಿ ಕಣಾರ ಎದ್ದು ನಿಂತಿದ್ದ. ಎರಡೂ ಕೈ ಮುಂದಕ್ಕೆ ಚಾಚಿದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು. ಪ್ರಸೀತ ಓಡಿ ಬಂದು ಏನಾಯಿತು ಎಂದು ಅವನ ಭುಜ ಹಿಡಿದಳು.

“ನೀರು ಬಂತು,” ಎಂದ ಕಣಾರ.

“ಬಂದು ನಲವತ್ತು ವರ್ಷ ಆಯ್ತಲ್ಲ ಕಣಾರೇಟ್ಟ,” ಎಂದು ಯಾರೋ ಕಿಟಕಿಯಿಂದ ಹೇಳಿದರು. ಜನ ಪ್ರೀತಿಯಿಂದ ನಕ್ಕರು. ಅವನೂ ನಗುತ್ತ, ಮೂಗು ಒರೆಸಿಕೊಳ್ಳುತ್ತ ಕೂತ. ಪಕ್ಕದಲ್ಲಿ ಕೌಸು ನಗಲಿಲ್ಲ. ತನ್ನ ಸೆರಗಿನ ತುದಿಯನ್ನು ಅವನ ಕಡೆ ಚಾಚಿದಳು, ಅವನು ಅದರಲ್ಲಿ ಮುಖ ಒರೆಸಿಕೊಂಡ.

ನೀರು ಬಂದ ಮೇಲಿನ ಪುಟಗಳು ಜಗಳದವು. ಬಾವಿ ಯಾರದ್ದು, ಮೊದಲ ಕೊಡ ಯಾರದ್ದು, ಬಿಟ್ಟು ಹೋದವರು ಈಗ ಕೊಡ ತಂದರೆ ಕೊಡಬೇಕೋ ಬೇಡವೋ. ಬಿಟ್ಟು ಹೋದವರ ಮಾತು ಬಂದಾಗಲೆಲ್ಲ ಕುಂಬಳಕಾಯಿ ಕಳ್ಳನಂತೆ ಕಣಾರ ಭುಜ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮೂರೂಮುಕ್ಕಾಲಿಗೆ ನೂರತೊಂಬತ್ತೇಳು ಮುಗಿಯಿತು. ವೇದಿಕೆಯ ಮೇಲೆ ಸಮಾರೋಪಕ್ಕೆ ಬಂದ ಅಧ್ಯಕ್ಷರು, ಅವರ ಮುಂದೆ ಶಾಲು, ಫಲಕ. ಪ್ರಸೀತ ಮೈಕಿನಲ್ಲಿ ಅವನ ಹೆಸರು ಕೂಗಿದಳು. ಅವತ್ತು ಈ ಊರನ್ನು ಅಳಿಸಿದ ದನಿ ಎಂದಳು. ಚಪ್ಪಾಳೆಯಲ್ಲಿ ಹೆಂಚು ಹಾರಿಹೋಗುವ ಹಾಗಿತ್ತು. ಕಣಾರ ಎದ್ದ. ಸ್ಟೂಲಿನವರೆಗೆ ಹತ್ತು ಹೆಜ್ಜೆ. ಸುಮ್ಮನೆ ಓದಿಬಿಡಬಹುದು. ದನಿ ಇದೆ, ಅದು ಅವನಿಗೆ ಗೊತ್ತು, ಇನ್ನೂ ಇದೆ. ಎರಡು ನಿಮಿಷದ ಕೆಲಸ, ಶಾಲು ಹೊದಿಸುತ್ತಾರೆ, ಸಾಯುವವರೆಗೆ ಊರು ಹೀಗೇ ಪ್ರೀತಿಸುತ್ತದೆ. ಆರನೆಯ ಹೆಜ್ಜೆಯವರೆಗೂ ಅವನು ಓದಿಬಿಡುವವನೇ ಆಗಿದ್ದ. ಪುಸ್ತಕ ಕೈಗೆ ಬಂತು. ಎಡಗಡೆ ಕೋರ ಕೂರುತ್ತಿದ್ದ ಜಾಗದಲ್ಲಿ ಯಾವುದೋ ಮುದುಕಿ ಬಗ್ಗಿ ಎಲೆ ಕತ್ತರಿಸುತ್ತಿದ್ದಳು.

“ನಾನು ಈ ಪುಸ್ತಕ ಇಲ್ಲಿ ಕೊನೇವರೆಗೆ ಓದೇ ಇಲ್ಲ,” ಎಂದ. ಮೈಕು ಕೀಚ್ ಎಂದಿತು. ಅವನು ಅದನ್ನು ಸ್ವಲ್ಪ ದೂರ ಹಿಡಿದ. “ನೂರಹನ್ನೆರಡಕ್ಕೆ ನಿಲ್ಲಿಸಿದೆ. ಜನಕ್ಕೆ ಬೇಜಾರು ಅಂದೆ. ಜನಕ್ಕೆ ಬೇಜಾರಾಗಿರಲಿಲ್ಲ. ನೀವೆಲ್ಲ ನನ್ನ ಬಿಟ್ಟು ಅವನನ್ನ ನೋಡಿದ್ರಿ, ನನಗೆ ಹೊಟ್ಟೆ ಉರೀತು. ಆಮೇಲೆ ಮನೇಲೂ ಓದಿಲ್ಲ. ನೀರು ಬಂದದ್ದು ನನಗೆ ಇವತ್ತೇ ಗೊತ್ತಾಗಿದ್ದು.”

ಆಮೇಲೆ ಹಿಂದಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು, ಮತ್ತೊಬ್ಬರು, ಆಮೇಲೆ ಎಲ್ಲರೂ. ಎಂಥ ದೊಡ್ಡ ಮನಸ್ಸು, ಹೊಗಳಿಕೆ ತಮಗೆ ಬೇಡವೆಂದು ಎಲ್ಲವನ್ನೂ ಗೆಳೆಯನ ತಲೆಗೇ ಕಟ್ಟುತ್ತಿದ್ದಾರೆ ಎಂದು ಅಧ್ಯಕ್ಷರು ಪಕ್ಕದವರಿಗೆ ಹೇಳಿದ್ದು ಮೈಕಿನಲ್ಲೂ ಕೇಳಿಸಿತು. ಪ್ರಸೀತಳ ಕಣ್ಣು ತುಂಬಿತ್ತು. ಪೊಕ್ಕ ಮೊರವನ್ನು ಕೆಳಗಿಟ್ಟು ಎದ್ದು ನಿಂತ.

“ನಾನು ಅತ್ತಿದ್ದೀನಪ್ಪ, ಇದೇ ಹಲಗೆ ಮೇಲೆ ಕೂತು. ಕೊನೇ ಪುಟಕ್ಕೆ. ನನ್ನನ್ನೇ ಸುಳ್ಳುಗಾರ ಮಾಡ್ತೀಯಲ್ಲೋ ಕಣಾರ.”

ಕಣಾರ ಅಲ್ಲ, ಅಲ್ಲ ಎನ್ನುತ್ತಿದ್ದ, ನಗುವಿನಲ್ಲಿ ಅದು ಮುಳುಗಿಹೋಯಿತು. ಬಾಯಿಬಿಟ್ಟು ಹೇಳಿದರೂ ತೆಗೆದುಕೊಳ್ಳುವವರಿಲ್ಲದ ಪಾಪ. ಇದಕ್ಕಿಂತ ಉಗಿದಿದ್ದರೆ ಚೆನ್ನಾಗಿತ್ತು. ಓದಿ ಕಣಾರೇಟ್ಟ, ಹೊತ್ತಾಯಿತು ಎಂದು ಪ್ರಸೀತ ಮೆಲ್ಲಗೆ ಅವನ ಮೊಣಕೈ ಮುಟ್ಟಿದಳು. ಅಷ್ಟರಲ್ಲಿ ಕೌಸು ಎದ್ದಳು. ಅವಳು ಮೈಕಿನ ಹತ್ತಿರ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಅವಳು ನಿಂತದ್ದು ಕಂಡೇ ಶೆಡ್ಡು ತಣ್ಣಗಾಗಿತ್ತು.

“ಅವನು ಹೇಳಿದ್ದು ನಿಜ,” ಎಂದಳು. “ನಮ್ಮ ಮನೇಲಿ ಅದು ಎಲ್ಲರಿಗೂ ಗೊತ್ತು. ಪೊಕ್ಕ, ನೀನು ಅತ್ತಿದ್ರೆ ನಿನ್ನ ಮನೇಲಿ ಅತ್ತಿರಬೇಕು.”

ಪೊಕ್ಕ ನಿಂತೇ ಇದ್ದ. ಅವನ ಮುಖದಲ್ಲಿ ಏನೋ ಒಂದು ಕದಲಿತು, ಕಣ್ಣು ಎಲ್ಲೋ ಹುಡುಕುತ್ತ ಹೋಯಿತು, ಅವನು ಮೆಲ್ಲಗೆ ಕೂತುಕೊಂಡ. ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ಜನರಿಗೆ ತಿಳಿಯಲಿಲ್ಲ. ಈಗ ಅವರು ಕಣಾರನನ್ನು ನೋಡುತ್ತಿದ್ದರು, ಪ್ರೀತಿ ಇಲ್ಲದೆ, ಸರಿಯಾಗಿ. ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಅವಳ ಕಡೆ ಚಾಚಿದ. ಕೊನೆಯ ಪುಟ ನೀವೇ ಓದಿ ಏಡತ್ತಿ, ನನಗೆ ಅರ್ಹತೆ ಇಲ್ಲ ಎಂದ.

“ಅರ್ಹತೆ ಗಿರ್ಹತೆ ನನಗೆ ಗೊತ್ತಿಲ್ಲ,” ಎಂದಳು ಕೌಸು. “ಕೊನೇ ಪುಟ ಹಾಗಿರಲಿ. ನೂರಹದಿಮೂರರಿಂದ ಓದು.”

ಪ್ರಸೀತ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಏಡತ್ತಿ ಅದು ಎಂಬತ್ತಾರು ಪುಟ, ಅಧ್ಯಕ್ಷರು ಕಾಯುತ್ತಿದ್ದಾರೆ ಎಂದು ಪಿಸುಗುಟ್ಟಿದಳು.

“ಕಾಯಲಿ. ಕಾದ್ರೆ ಯಾರೂ ಸಾಯಲ್ಲ.” ಕೌಸು ತನ್ನ ಕುರ್ಚಿ ಬಿಟ್ಟು, ನಿಧಾನವಾಗಿ ಹಲಗೆಗಳ ನಡುವೆ ನಡೆದು, ಸ್ಟೂಲಿನ ಎಡಗಡೆಯ ಮುದುಕಿಯನ್ನು ಸ್ವಲ್ಪ ಜರುಗು ಎಂದು ಅಲ್ಲಿ ಕೂತಳು. ಮುದುಕಿಯ ಮೊರದಿಂದ ಒಂದು ಎಲೆ ಎತ್ತಿಕೊಂಡಳು. “ನಿನ್ನ ಪಾಲಿಂದು ಕಟ್ಟಿಕೊಡ್ತೀನಿ. ಓದು ಕಣಾರಾ.”

ಅಧ್ಯಕ್ಷರು ಎದ್ದವರು ಮತ್ತೆ ಕೂತರು. ಕಿಟಕಿಯವರು ಹೋಗಲಿಲ್ಲ. ಹೊರಗೆ ಬ್ಯಾಂಡಿನವರಿಗೆ ಯಾರೋ ಸುಮ್ಮನಿರಿ ಎಂದರು. ಕಣಾರ ಸ್ಟೂಲು ಹತ್ತಿ ಕೂತು, ಪುಟಗಳನ್ನು ಹಿಂದಕ್ಕೆ ತಿರುವಿದ. ನೂರಹದಿಮೂರು. ಅವನು ಎಂದೂ ನೋಡಿರದ, ಬೆಳಿಗ್ಗೆಯೂ ಕಿವಿಗೆ ಬೀಳದೆ ಹೋದ ಸಾಲು ಕಣ್ಣ ಮುಂದೆ ಇತ್ತು. ಗಂಟಲು ಸರಿಮಾಡಿಕೊಳ್ಳದೆಯೇ ಓದಿದ.

‘ತಣ್ಣಗಿದ್ದರೆ ಇರಲಿ, ಎಂದು ಮಾದೈ ಮೇಲಿಂದ ಕೂಗಿ ಹೇಳಿದಳು, ನೀನು ಹೇಳಿದ್ದು ನನಗೆ ಕೇಳಿಸಿದೆ, ನೀನು ಮೇಲೆ ಬರುವವರೆಗೆ ನಾನು ಹಗ್ಗ ಬಿಡುವುದಿಲ್ಲ.’

ದನಿ ಅಲ್ಲಿಗೇ ಒಡೆಯಿತು. ಎಡಗಡೆ ಎಲೆ ಕತ್ತರಿಸುವ ಸದ್ದು ಮುಂದುವರಿದಿತ್ತು. ಕಣಾರ ಉಸಿರೆಳೆದುಕೊಂಡು ಎರಡನೆಯ ವಾಕ್ಯಕ್ಕೆ ಹೋದ.